ಸ್ಕೇಲ್ ಎಲ್ಲ ಬರುತ್ತೆ, ಆದರೆ ನನ್ನ ಸೋಲೋ ಜಾಝ್ ಅನ್ನಿಸಲ್ಲ. ಏನು ಮಾಡಲಿ?

ಪ್ರಶ್ನೆ: ನಾನು ಧಾರವಾಡದವನು, ವಯಸ್ಸು 27. ಗಿಟಾರ್ ಹಿಡಿದು ಏಳು ವರ್ಷ ಆಯಿತು. ಎರಡು ವರ್ಷದಿಂದ ಜಾಝ್ ಕಲಿಯುತ್ತಿದ್ದೇನೆ. ಏಳೂ ಮೋಡ್ (ಒಂದೇ ಸ್ಕೇಲ್ ಅನ್ನು ಬೇರೆ ಬೇರೆ ಸ್ವರದಿಂದ ಶುರು ಮಾಡುವ ರೂಪಗಳು) ಬರುತ್ತವೆ, ಆರ್ಪೆಜಿಯೋಗಳೂ (ಕಾರ್ಡ್‌ನ ಸ್ವರಗಳನ್ನು ಒಂದೊಂದಾಗಿ ನುಡಿಸುವುದು) ಬರುತ್ತವೆ. ಆದರೆ ಬ್ಯಾಕಿಂಗ್ ಟ್ರ್ಯಾಕ್ ಹಾಕಿಕೊಂಡು ಸೋಲೋ ನುಡಿಸಿದರೆ ಸ್ಕೇಲ್ ಹತ್ತಿ ಇಳಿದ ಹಾಗೇ ಕೇಳುತ್ತದೆ. ತಪ್ಪು ಸ್ವರ ಇರುವುದಿಲ್ಲ, ಆದರೂ ಜಾಝ್ ಅನ್ನಿಸುವುದಿಲ್ಲ. ಒಬ್ಬರು 'ದೊಡ್ಡವರು ನುಡಿಸಿದ ಪುಟ್ಟ ಸ್ವರ ಸಾಲುಗಳನ್ನು, ಅಂದರೆ ಲಿಕ್‌ಗಳನ್ನು ಬಾಯಿಪಾಠ ಮಾಡು' ಅಂತಾರೆ. ಇನ್ನೊಬ್ಬರು 'ಅದು ನಕಲು, ನಿನ್ನದೇ ಹುಡುಕಿಕೋ' ಅಂತಾರೆ. ಯಾವುದು ಸರಿ? ದಿನಕ್ಕೆ ಒಂದು ಗಂಟೆ ಸಿಗುತ್ತದೆ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಹಿಂದೂಸ್ತಾನಿ ಗಾಯನ ಕಲಿತಿದ್ದೆ. ಅದು ಇಲ್ಲಿ ಏನಾದರೂ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ತೊಂದರೆಗೆ ಉತ್ತರ ಅಲ್ಲೇ ಇದೆ.

ನಾಲ್ಕು ವರ್ಷ ಕಲಿತಿದ್ದೀರಿ ಅಂದರೆ ಭೂಪ್ ರಾಗ ಹಾಡಿಯೇ ಇರುತ್ತೀರಿ. ಸ ರೆ ಗ ಪ ಧ, ಐದೇ ಸ್ವರ. ದೇಸ್ಕಾರ್ ರಾಗಕ್ಕೂ ಇವೇ ಐದು. ಸ್ಕೇಲ್ ಲೆಕ್ಕದಲ್ಲಿ ಎರಡೂ ಒಂದೇ. ಆದರೆ ಸಂಗೀತ ಕೇಳಿ ಬೆಳೆದವರು ಸ್ವಲ್ಪ ಹೊತ್ತಿನಲ್ಲೇ ಇದು ಭೂಪ್, ಅದು ದೇಸ್ಕಾರ್ ಅಂತ ಹೇಳಿಬಿಡುತ್ತಾರೆ. ಭೂಪ್ ಗಾಂಧಾರದ ಸುತ್ತ ಓಡಾಡುತ್ತದೆ. ದೇಸ್ಕಾರ್ ಮೇಲೆ ಧೈವತಕ್ಕೆ ಹೋಗಿ ನಿಲ್ಲುತ್ತದೆ. ಒಂದೊಂದಕ್ಕೂ ಅದರದೇ ಪಕಡ್ (ರಾಗದ ಗುರುತು ಹೇಳುವ ಪುಟ್ಟ ಸ್ವರ ಸಾಲು), ಅದರದೇ ನಡಿಗೆ. ನಿಮ್ಮ ಗುರುಗಳು ಆರೋಹ, ಅವರೋಹ ಹೇಳಿಕೊಟ್ಟು 'ಇನ್ನು ನೀನೇ ಹಾಡಿಕೋ' ಅಂದಿರಲಿಕ್ಕಿಲ್ಲ. ಬಂದಿಶ್ (ರಾಗದಲ್ಲಿ ಕಟ್ಟಿದ ರಚನೆ) ಕಲಿಸಿರುತ್ತಾರೆ. ಒಂದು ಪುಟ್ಟ ತುಣುಕು ಹಾಡಿ, ನಿಮ್ಮಿಂದ ಹಾಡಿಸಿ, ತಿದ್ದಿ, ಮತ್ತೆ ಹಾಡಿಸಿರುತ್ತಾರೆ. ಆ ತುಣುಕುಗಳು ಮೈಗೆ ಹತ್ತಿದ ಮೇಲೆ ನೀವೇ ಒಂದೆರಡು ಸ್ವರ ಸೇರಿಸಿ ಹಾಡಲು ಶುರು ಮಾಡಿರುತ್ತೀರಿ.

ಜಾಝ್‌ನಲ್ಲಿ ನೀವು ಆರೋಹ, ಅವರೋಹ ಮಾತ್ರ ಕಲಿತಿದ್ದೀರಿ. ಪಕಡ್ ಕಲಿತಿಲ್ಲ. ನನಗೆ ಕಾಣುವುದು ಇದೊಂದೇ ತೊಂದರೆ. ಬೆರಳಿನಲ್ಲೂ ತೊಂದರೆ ಇಲ್ಲ, ತಲೆಯಲ್ಲೂ ಇಲ್ಲ.

ಒಂದು ವ್ಯತ್ಯಾಸ ಮಾತ್ರ ಮೊದಲೇ ಹೇಳಿಬಿಡಬೇಕು. ರಾಗದಲ್ಲಿ ತಾನ್‌ಪುರ ಕೊನೆಯವರೆಗೂ ಅದೇ ಷಡ್ಜ ಹಿಡಿದಿರುತ್ತದೆ. ಜಾಝ್‌ನಲ್ಲಿ ಕೆಳಗಿನ ನೆಲವೇ ಸರಿಯುತ್ತಿರುತ್ತದೆ. ಎರಡು ಬೀಟ್‌ಗೊಂದು, ನಾಲ್ಕು ಬೀಟ್‌ಗೊಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗುತ್ತದೆ. ಆದ್ದರಿಂದ ಜಾಝ್ ತುಣುಕಿನ ಜೀವ ಇರುವುದು ಕಾರ್ಡ್ ಬದಲಾಗುವ ಆ ಕ್ಷಣದಲ್ಲಿ. ಆ ಕ್ಷಣದಲ್ಲಿ ನಿಮ್ಮ ಸ್ವರ ಎಲ್ಲಿಂದ ಎಲ್ಲಿಗೆ ಸರಿಯಿತು ಅನ್ನುವುದರಲ್ಲಿ.

ಈಗ ನೀವು ಮಾಡುತ್ತಿರುವುದನ್ನು ನೋಡೋಣ. ಜಾಝ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವ ಸಾಲು ಟೂ-ಫೈವ್-ವನ್, ಅಂದರೆ ಸ್ಕೇಲ್‌ನ ಎರಡನೇ, ಐದನೇ, ಒಂದನೇ ಸ್ವರದ ಮೇಲೆ ಕಟ್ಟಿದ ಕಾರ್ಡ್‌ಗಳು. ಸಿ ಮೇಜರ್‌ನಲ್ಲಿ ಅದು ಡಿ ಮೈನರ್ 7, ಜಿ 7, ಸಿ ಮೇಜರ್ 7. ನಿಮಗೆ ಹೇಳಿಕೊಟ್ಟಿರುವುದು ಇದು: ಮೊದಲ ಕಾರ್ಡ್‌ಗೆ ಡಿ ಡೋರಿಯನ್, ಎರಡನೆಯದಕ್ಕೆ ಜಿ ಮಿಕ್ಸೊಲಿಡಿಯನ್, ಮೂರನೆಯದಕ್ಕೆ ಸಿ ಅಯೋನಿಯನ್. ಹೆಸರು ಮೂರು. ಆದರೆ ಸ್ವರಗಳನ್ನು ಎಣಿಸಿ ನೋಡಿ. ಮೂರರಲ್ಲೂ ಅವೇ ಏಳು ಸ್ವರ, ಪಿಯಾನೋದ ಬಿಳಿ ಮನೆಗಳು. ನೀವು ತಲೆಯಲ್ಲಿ ಮೂರು ಸಲ ಮೋಡ್ ಬದಲಾಯಿಸಿದರೂ ಕೇಳುವವರ ಕಿವಿಗೆ ಏನೂ ಬದಲಾಗಿರುವುದಿಲ್ಲ. ಅದಕ್ಕೇ ತಪ್ಪು ಸ್ವರ ಇಲ್ಲದಿದ್ದರೂ ಜಾಝ್ ಅನ್ನಿಸುವುದಿಲ್ಲ.

ಈಗ ಗಿಟಾರ್ ಕೈಗೆ ತೆಗೆದುಕೊಳ್ಳಿ. ಈ ಒಂಬತ್ತು ಸ್ವರ ನುಡಿಸಿ:

ಡಿ, ಎಫ್, ಎ, ಸಿ — ಬಿ, ಎ ಫ್ಲಾಟ್, ಜಿ, ಎಫ್ — ಇ.

ಮೊದಲ ನಾಲ್ಕು ಡಿ ಮೈನರ್ 7ಕ್ಕೆ, ನಂತರದ ನಾಲ್ಕು ಜಿ 7ಕ್ಕೆ, ಕೊನೆಯ ಇ ಸಿ ಮೇಜರ್ 7ಕ್ಕೆ. ಒಂದು ಬೀಟ್‌ಗೆ ಎರಡು ಸ್ವರ. ಅಂದರೆ ಒಂದು ಬಾರ್ (ನಾಲ್ಕು ಬೀಟ್) ಪೂರ್ತಿ ಎಂಟು ಸ್ವರ, ಮುಂದಿನ ಬಾರ್‌ನ ಮೊದಲ ಬೀಟ್‌ಗೆ ಇ. ಜಾಗ ಇದು: ಐದನೇ ತಂತಿಯ 5ನೇ ಫ್ರೆಟ್, ಅದೇ ತಂತಿಯ 8, ನಾಲ್ಕನೇ ತಂತಿಯ 7, ಮೂರನೇ ತಂತಿಯ 5. ಆಮೇಲೆ ಮೂರನೇ ತಂತಿಯ 4, ನಾಲ್ಕನೇ ತಂತಿಯ 6 ಮತ್ತು 5, ಐದನೇ ತಂತಿಯ 8, ಕೊನೆಗೆ ಐದನೇ ತಂತಿಯ 7.

ನಿಧಾನವಾಗಿ ಹತ್ತು ಸಲ ನುಡಿಸಿ. ಎರಡು ಜಾಗದಲ್ಲಿ ಮೈ ಜುಂ ಅನ್ನುತ್ತದೆ, ಅಲ್ವಾ? ಮೊದಲನೆಯದು ಸಿಯಿಂದ ಬಿಗೆ ಒಂದೇ ಫ್ರೆಟ್ ಜಾರುವ ಜಾಗ. ಸಿ ಅನ್ನುವುದು ಡಿ ಮೈನರ್ 7ರ ಏಳನೇ ಸ್ವರ, ಬಿ ಅನ್ನುವುದು ಜಿ 7ರ ಮೂರನೇ ಸ್ವರ. ಎರಡನೆಯದು ಎಫ್‌ನಿಂದ ಇಗೆ ಜಾರುವ ಜಾಗ. ಎಫ್ ಜಿ 7ರ ಏಳನೆಯದು, ಇ ಸಿ ಕಾರ್ಡ್‌ನ ಮೂರನೆಯದು. ಕಾರ್ಡ್ ಬದಲಾದದ್ದು ಈ ಎರಡು ಸಣ್ಣ ಹೆಜ್ಜೆಗಳಲ್ಲಿ ಕೇಳಿಸುತ್ತದೆ. ಹಿಂದೆ ಯಾರೂ ಕಾರ್ಡ್ ಹಿಡಿಯದಿದ್ದರೂ ಕೇಳಿಸುತ್ತದೆ. ನಡುವೆ ಬರುವ ಎ ಫ್ಲಾಟ್ ಸಿ ಸ್ಕೇಲ್‌ನಲ್ಲೇ ಇಲ್ಲ. ಅದು ಒಂದು ಚಿಟಿಕೆ ಖಾರ. ಕೊನೆಯ ಇ ಮೊದಲ ಬೀಟ್‌ಗೆ ಬಂದು ಕೂರುವುದನ್ನು ಕೇಳಿ. ನೀವು ಬಂದಿಶ್ ಹಾಡುವಾಗ ಮುಖಡಾ (ಮೊದಲ ಸಾಲಿನ ತುಣುಕು) ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಬಂದು ಕೂರುತ್ತಿತ್ತಲ್ಲ, ಅದೇ ನೆಮ್ಮದಿ.

ಇದು ಯಾರೋ ಒಬ್ಬರ ಸ್ವತ್ತಲ್ಲ. ಬೀಬಾಪ್ (1940ರ ದಶಕದ ವೇಗದ ಜಾಝ್ ಶೈಲಿ) ಕಾಲದಿಂದ ಎಲ್ಲರೂ ಒಂದಲ್ಲ ಒಂದು ರೂಪದಲ್ಲಿ ಆಡಿರುವ ಮಾತು. ಇಂಥ ಮಾತುಗಳನ್ನೇ ಮೆಲೊಡಿಕ್ ವೊಕ್ಯಾಬ್ಯುಲರಿ ಅನ್ನುತ್ತಾರೆ. ನಾನು ಸುಮ್ನೆ 'ತುಣುಕು' ಅನ್ನುತ್ತೇನೆ.

ಈಗ ನಕಲಿನ ಪ್ರಶ್ನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದೇ ಭಯದಲ್ಲಿ ಒಳ್ಳೊಳ್ಳೆಯ ಹುಡುಗರು ವರ್ಷಗಟ್ಟಲೆ ಕಳೆದುಕೊಳ್ಳುವುದನ್ನು ನೋಡಿದ್ದೇನೆ.

ಜಾಝ್‌ನಲ್ಲಿ ಎಲೆಕ್ಟ್ರಿಕ್ ಗಿಟಾರ್‌ಗೆ ಸ್ಯಾಕ್ಸೊಫೋನ್ ಪಕ್ಕದಲ್ಲಿ ನಿಂತು ಮಾತಾಡುವ ಧೈರ್ಯ ತಂದುಕೊಟ್ಟವರು ಚಾರ್ಲಿ ಕ್ರಿಶ್ಚಿಯನ್. 1916ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿ ಒಕ್ಲಹಾಮಾ ಸಿಟಿಯಲ್ಲಿ ಬೆಳೆದರು. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದರು. 1942ರಲ್ಲಿ, 25ನೇ ವಯಸ್ಸಿಗೇ, ಕ್ಷಯದಿಂದ ತೀರಿಕೊಂಡರು. ಬೆಳಕಿನಲ್ಲಿದ್ದದ್ದು ಎರಡು ಮೂರು ವರ್ಷ ಮಾತ್ರ. ಅವರ ಸಾಲುಗಳಲ್ಲಿ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರ ನಡಿಗೆ ಸ್ಪಷ್ಟವಾಗಿ ಕೇಳುತ್ತದೆ. ಅದೇ ಲೆಸ್ಟರ್ ಯಂಗ್ ಅವರ ರೆಕಾರ್ಡ್‌ಗಳನ್ನು ಜೊತೆಗಿಟ್ಟುಕೊಂಡು 1937ರ ಬೇಸಿಗೆಯಲ್ಲಿ ಓಝಾರ್ಕ್ ಬೆಟ್ಟಗಳ ಕಡೆ ಕೆಲಸಕ್ಕೆ ಹೋದ ಹುಡುಗನೊಬ್ಬ ಆ ಸೋಲೋಗಳನ್ನು ಪೂರ್ತಿ ಕಲಿತು ವಾಪಸಾದ. ಅವನೇ ಮುಂದೆ ಬೀಬಾಪ್‌ನ ದೊಡ್ಡ ಸ್ಯಾಕ್ಸೊಫೋನ್ ವಾದಕನಾದ ಚಾರ್ಲಿ ಪಾರ್ಕರ್. ಆಗ ಅವನಿಗೆ ಹದಿನಾರು, ಹದಿನೇಳು.

ವೆಸ್ ಮಾಂಟ್‌ಗೋಮರಿ ಕತೆ ನಿಮಗೆ ಇನ್ನೂ ಹತ್ತಿರದ್ದು. 1923ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದವರು. ಇಪ್ಪತ್ತರ ಆಸುಪಾಸಿನಲ್ಲಿ ಕ್ರಿಶ್ಚಿಯನ್ ಅವರ 'ಸೋಲೋ ಫ್ಲೈಟ್' ಕೇಳಿ ಗಿಟಾರ್‌ಗೆ ಮರುಳಾದರು. ನೋಟೇಶನ್ ಓದಲು ಬರುತ್ತಿರಲಿಲ್ಲ. ರೆಕಾರ್ಡ್ ಕೇಳಿ ಕೇಳಿ ಕ್ರಿಶ್ಚಿಯನ್ ಸೋಲೋಗಳನ್ನು ಒಂದೊಂದೇ ಸ್ವರವಾಗಿ ಹೆಕ್ಕಿದರು. ಮೊದಮೊದಲು ವೇದಿಕೆಯ ಮೇಲೂ ಅವನ್ನೇ ನುಡಿಸುತ್ತಿದ್ದರು. ಮುಂದೆ 1948ರಲ್ಲಿ ಲಯನೆಲ್ ಹ್ಯಾಂಪ್ಟನ್ ತಂಡ ಸೇರಿದರು. 1960ರ ಹೊತ್ತಿಗೆ ಅವರ ರೆಕಾರ್ಡ್ ಕೇಳಿದರೆ, ಹೆಬ್ಬೆರಳಿನಿಂದ ಮೀಟಿದ ಎರಡು ಸ್ವರಕ್ಕೇ ಇದು ವೆಸ್ ಅಂತ ಗೊತ್ತಾಗಿಬಿಡುತ್ತದೆ. ನಕಲು ಅವರನ್ನು ಕಟ್ಟಿಹಾಕಲಿಲ್ಲ.

ಸಂಶೋಧಕ ಥಾಮಸ್ ಓವೆನ್ಸ್ 1974ರಲ್ಲಿ ಪಾರ್ಕರ್ ಅವರ ಇನ್ನೂರಕ್ಕೂ ಹೆಚ್ಚು ಸೋಲೋಗಳನ್ನು ಬಿಡಿಸಿ ನೋಡಿದರು. ಅಷ್ಟೂ ಸೋಲೋಗಳಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ತುಣುಕುಗಳನ್ನು ಪಟ್ಟಿ ಮಾಡಿದರೆ ಸಿಕ್ಕಿದ್ದು ಸುಮಾರು ನೂರು. ಇದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ. ಅಷ್ಟು ದೊಡ್ಡ ಕಲ್ಪನೆಯ ಮನುಷ್ಯನೂ ಪ್ರತಿ ಸಲ ಶೂನ್ಯದಿಂದ ಶುರು ಮಾಡುತ್ತಿರಲಿಲ್ಲ. ಸುಮಾರು ನೂರು ತುಣುಕು, ಅವನ್ನು ಜೋಡಿಸುವ, ಮುರಿಯುವ, ಹಿಂದೆ ಮುಂದೆ ಸರಿಸುವ ಕೈ. ಆ ಜೋಡಣೆ ಮಾತ್ರ ಪ್ರತಿ ರಾತ್ರಿ ಹೊಸದು.

ನಮ್ಮ ಕಡೆಯವರ ಒಂದು ಉದಾಹರಣೆಯೂ ಇದೆ. ಆಲ್ಟೋ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಅಮೆರಿಕದಲ್ಲಿ ಬೆಳೆದವರು, ಮನೆತನದ ಬೇರು ಕರ್ನಾಟಕದ್ದು. ನಮ್ಮ ಕದ್ರಿ ಗೋಪಾಲನಾಥ್ ಜೊತೆ ಸೇರಿ 2008ರಲ್ಲಿ 'ಕಿನ್ಸ್‌ಮೆನ್' ಅನ್ನುವ ಆಲ್ಬಂ ಮಾಡಿದರು. 2015ರಲ್ಲಿ ಬಂದ ಅವರ 'ಬರ್ಡ್ ಕಾಲ್ಸ್' ಕೇಳಿ. ಅದರ ರಚನೆಗಳು ಹುಟ್ಟಿದ್ದು ಪಾರ್ಕರ್ ಅವರ ಸಾಲುಗಳಿಂದ. ಆದರೆ ಒಂದನ್ನೂ ಹಾಗೆಹಾಗೇ ಇಟ್ಟಿಲ್ಲ. ಲಯ ಬದಲಾಗಿದೆ, ಸ್ವರಗಳ ನಡುವೆ ಬೇರೆ ಸ್ವರ ತೂರಿಕೊಂಡಿವೆ. ಹಳೆಯ ಮಾತು ಬಾಯಿಗೆ ಅಷ್ಟು ಪಳಗಿರದಿದ್ದರೆ ಅದನ್ನು ಹಾಗೆ ಬಿಡಿಸಿ ಕಟ್ಟಲು ಆಗುತ್ತಿರಲಿಲ್ಲ.

ಹಾಗಾಗಿ 'ಬಾಯಿಪಾಠ ಮಾಡು' ಅಂದವರ ಮಾತೇ ಹೆಚ್ಚು ಸರಿ. ಆದರೆ ಅವರ ಮಾತನ್ನು ತಪ್ಪಾಗಿ ಪಾಲಿಸುವ ದಾರಿಯೂ ಒಂದಿದೆ. ಆ ದಾರಿಯಲ್ಲಿ ನಾನೇ ನಡೆದು ಬಂದಿದ್ದೇನೆ.

ಕಲಿಯುವ ದಿನಗಳಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಲಿಕ್‌ಗಳ ಪುಸ್ತಕವೊಂದು ಸಿಕ್ಕಿತು. ಎಲ್ಲಾ ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಅನ್ನುವ ಬರಹ) ಬರೆದಿತ್ತು. ಎಂಟು ತಿಂಗಳು ಕೂತು ಅರವತ್ತಕ್ಕೂ ಜಾಸ್ತಿ ಲಿಕ್ ಬೆರಳಿಗೆ ಹತ್ತಿಸಿಕೊಂಡೆ. ಒಂದು ಭಾನುವಾರ ಗೆಳೆಯರ ಮನೆ ಟೆರೇಸ್ ಮೇಲೆ ಎಲ್ಲರೂ ಸೇರಿ ಎಫ್ ಬ್ಲೂಸ್ (ಎಫ್ ಕೀಯಲ್ಲಿ ಹನ್ನೆರಡು ಬಾರ್‌ನ ಸುತ್ತು) ಶುರು ಮಾಡಿದರು. ನನ್ನ ಸರದಿ ಬಂತು. ಅರವತ್ತರಲ್ಲಿ ಒಂದೂ ಬರಲಿಲ್ಲ. ಯಾವುದು ಎಲ್ಲಿ ಕೂರುತ್ತದೆ ಅಂತ ನೆನಪಿಸಿಕೊಳ್ಳುವಷ್ಟರಲ್ಲಿ ಕಾರ್ಡ್ ದಾಟಿ ಹೋಗುತ್ತಿತ್ತು. ಕೈ ತಾನಾಗಿ ಸ್ಕೇಲ್‌ಗೆ ಹೋಯಿತು. ಆ ರಾತ್ರಿ ಬಹಳ ಯೋಚಿಸಿದೆ. ಆ ಅರವತ್ತರಲ್ಲಿ ಒಂದನ್ನೂ ನಾನು ಗಿಟಾರ್ ಇಲ್ಲದೆ ಹಾಡಲಾರೆ ಅಂತ ಆಗ ಗೊತ್ತಾಯಿತು. ಅವು ನನ್ನ ಬೆರಳಿನಲ್ಲಿದ್ದವು, ಕಿವಿಗೆ ಬಂದೇ ಇರಲಿಲ್ಲ.

ಆಮೇಲೆ ಪುಸ್ತಕ ಮುಚ್ಚಿಟ್ಟು ಚಾರ್ಲಿ ಕ್ರಿಶ್ಚಿಯನ್ ಅವರ ಒಂದು ಸೋಲೋದ ಎಂಟು ಬಾರ್ ಹಿಡಿದುಕೊಂಡೆ. ಒಂದು ತಿಂಗಳು ಅಷ್ಟೇ. ಬಸ್ಸಿನಲ್ಲಿ ಗುನುಗುತ್ತಿದ್ದೆ, ಪಾತ್ರೆ ತೊಳೆಯುವಾಗ ಗುನುಗುತ್ತಿದ್ದೆ. ಮುಂದಿನ ಸಲ ಅದೇ ಟೆರೇಸ್‌ನಲ್ಲಿ ಆ ಎಂಟು ಬಾರ್‌ನ ಒಂದು ಸಣ್ಣ ಬಾಲ ತಾನಾಗಿ ಬಂತು. ನಾನು ಕಲಿತ ಜಾಗದಲ್ಲಿ ಬರಲಿಲ್ಲ. ಬೇರೆಯೇ ಬಾರ್‌ನಲ್ಲಿ, ಬೇರೆಯೇ ಕಾರ್ಡ್ ಮೇಲೆ ಬಂತು, ಮತ್ತು ಅಲ್ಲಿ ಚೆನ್ನಾಗಿ ಕೂತಿತು. ಐದು ಸ್ವರ ಇರಬಹುದು. ಆ ಐದು ಸ್ವರದ ಖುಷಿ ಇನ್ನೂ ನೆನಪಿದೆ.

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಹೀಗೆ. ತುಣುಕು ರೆಕಾರ್ಡ್‌ನಿಂದಲೇ ಬರಬೇಕು, ಟ್ಯಾಬ್‌ನಿಂದ ಬೇಡ. ಮೊದಲು ಬಾಯಿಗೆ ಬರಬೇಕು, ಆಮೇಲೆ ಬೆರಳಿಗೆ. ಪಿಯಾನೋ ವಾದಕ ಲೆನಿ ಟ್ರಿಸ್ಟಾನೋ ತಮ್ಮ ಶಿಷ್ಯರಿಗೆ ಲೆಸ್ಟರ್ ಯಂಗ್ ಸೋಲೋಗಳನ್ನು ಮೊದಲು ಹಾಡಿಸುತ್ತಿದ್ದರು. ರೆಕಾರ್ಡ್ ಜೊತೆ ಉಸಿರು, ಒತ್ತು, ಜಾರು ಎಲ್ಲ ಸೇರಿ ಹಾಡಲು ಬಂದ ಮೇಲೆ ವಾದ್ಯ. ನಿಮಗೆ ಗಂಟಲು ಪಳಗಿದೆ. ಬೇರೆ ಗಿಟಾರಿಸ್ಟ್‌ಗಳು ಒಂದು ವರ್ಷ ಒದ್ದಾಡಿ ಪಡೆಯುವುದನ್ನು ನೀವು ನಾಲ್ಕು ವರ್ಷದ ಗಾಯನದಲ್ಲಿ ಆಗಲೇ ಪಡೆದಿದ್ದೀರಿ. ಅದನ್ನು ಬಳಸಿ.

ಹಾಡುವುದರಿಂದ ಇನ್ನೊಂದು ಲಾಭ ಇದೆ. ಸ್ಯಾಕ್ಸೊಫೋನ್ ಊದುವವರು ಉಸಿರು ಎಳೆದುಕೊಳ್ಳಲೇಬೇಕು. ಆದ್ದರಿಂದ ಅವರ ಸಾಲು ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಗಿಟಾರ್‌ಗೆ ಉಸಿರೇ ಬೇಡ. ಬೆರಳು ಸೋಲುವವರೆಗೂ ಓಡಬಹುದು. ನಿಮ್ಮ ಸೋಲೋ ಸ್ಕೇಲ್ ಥರ ಕೇಳುವುದಕ್ಕೆ ಅರ್ಧ ಕಾರಣ ಇದೇ ಇರಬಹುದು. ಒಮ್ಮೆ ರೆಕಾರ್ಡ್ ಮಾಡಿಕೊಂಡು ಕೇಳಿ, ಎಲ್ಲಾದರೂ ನಿಲ್ಲುತ್ತೀರಾ ನೋಡಿ.

ಯಾರ ಸೋಲೋದಿಂದ ಶುರು ಮಾಡಬೇಕು? ಚಾರ್ಲಿ ಕ್ರಿಶ್ಚಿಯನ್ ಬೇಕೇ ಬೇಕು. ಸಾಲು ಸ್ಪಷ್ಟ, ವೇಗ ಅತಿಯಿಲ್ಲ, ನಮ್ಮದೇ ವಾದ್ಯ. ಆಮೇಲೆ ಗಿಟಾರಿಸ್ಟ್ ಗ್ರಾಂಟ್ ಗ್ರೀನ್. ಅವರು ಕಾರ್ಡ್ ಹಿಡಿಯುವುದು ಕಡಿಮೆ, ಒಂದೊಂದೇ ಸ್ವರದಲ್ಲಿ ಮಾತಾಡುತ್ತಾರೆ. ಹಿಡಿಸಿದ ತುಣುಕನ್ನು ಬಿಡದೆ ಮತ್ತೆ ಮತ್ತೆ ಹೇಳುತ್ತಾರೆ. ಹಾಡಿ ಕಲಿಯಲು ಇದಕ್ಕಿಂತ ಒಳ್ಳೆಯವರು ಕಷ್ಟ. ಗಿಟಾರ್ ಬಿಟ್ಟು ಹೊರಗೆ ಅಂದರೆ ಮೈಲ್ಸ್ ಡೇವಿಸ್ 1959ರ 'ಸೋ ವಾಟ್'ನಲ್ಲಿ ನುಡಿಸಿದ ಟ್ರಂಪೆಟ್ ಸೋಲೋ. ಅಲ್ಲಿ ಕಾರ್ಡ್ ಎರಡೇ. ಸ್ವರಕ್ಕಿಂತ ಮೌನ ಎಷ್ಟು ಮಾತಾಡುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ. ಪಾರ್ಕರ್ ಸ್ವಲ್ಪ ತಡೆದು. ವೇಗ ತಗ್ಗಿಸಿ ಕೇಳುವ ಸೌಲಭ್ಯ ಈಗ ಫೋನ್‌ನಲ್ಲೇ ಇದೆ, ಧಾರಾಳವಾಗಿ ಬಳಸಿ. ಆದರೆ ಕೊನೆಗೆ ಪೂರ್ತಿ ವೇಗದಲ್ಲಿ ಅವರ ಜೊತೆ ಹಾಡಲೇಬೇಕು. ನಿಧಾನ ಮಾಡಿದಾಗ ಸ್ವರ ಸಿಗುತ್ತದೆ, ಸ್ವಿಂಗ್ ಕಳೆದುಹೋಗುತ್ತದೆ.

ಇನ್ನು ತುಣುಕನ್ನು ನಿಮ್ಮದಾಗಿಸಿಕೊಳ್ಳುವ ಕೆಲಸ. ಇದೇ ನಿಜವಾದ ಕೆಲಸ. ಮೇಲೆ ಕೊಟ್ಟ ಒಂಬತ್ತು ಸ್ವರವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಅದನ್ನು ಒಂದು ಹಾಡಿನೊಳಗೆ ಇಡಿ. ಎಫ್ ಬ್ಲೂಸ್ ತೆಗೆದುಕೊಳ್ಳಿ, ಹನ್ನೆರಡು ಬಾರ್. ಜಾಝ್‌ನಲ್ಲಿ ನುಡಿಸುವ ಬ್ಲೂಸ್‌ನಲ್ಲಿ ನಾಲ್ಕನೇ ಬಾರ್‌ನಿಂದ ಐದನೆಯದಕ್ಕೆ ಹೋಗುವಾಗ ಬಿ ಫ್ಲಾಟ್ 7ಕ್ಕೆ ಇಳಿಯುತ್ತೇವೆ. ಅಲ್ಲಿ ನಾಲ್ಕನೇ ಬಾರ್ ಪೂರ್ತಿ ಇದನ್ನು ನುಡಿಸಿ: ಸಿ, ಇ ಫ್ಲಾಟ್, ಜಿ, ಬಿ ಫ್ಲಾಟ್ — ಎ, ಜಿ ಫ್ಲಾಟ್, ಎಫ್, ಇ ಫ್ಲಾಟ್. ಐದನೇ ಬಾರ್‌ನ ಮೊದಲ ಬೀಟ್‌ಗೆ ಡಿ. ಎಂಟನೇ ಬಾರ್‌ನಲ್ಲಿ ಮತ್ತೆ ಅದೇ: ಎ, ಸಿ, ಇ, ಜಿ — ಎಫ್ ಶಾರ್ಪ್, ಇ ಫ್ಲಾಟ್, ಡಿ, ಸಿ. ಒಂಬತ್ತನೇ ಬಾರ್‌ಗೆ ಬಿ ಫ್ಲಾಟ್. ಇಲ್ಲಿ ಬಂದು ಕೂರುವುದು ಜಿ ಮೈನರ್ ಮೇಲೆ, ಹಾಗಾಗಿ ಕೊನೆಯ ಹೆಜ್ಜೆ ಒಂದು ಫ್ರೆಟ್ ಬದಲು ಎರಡು ಫ್ರೆಟ್. ಅದರ ರುಚಿ ಬೇರೆ, ಗಮನಿಸಿ ಕೇಳಿ. ಹತ್ತನೇ ಬಾರ್‌ನಲ್ಲಿ ಮೂರನೇ ಸಲ: ಜಿ, ಬಿ ಫ್ಲಾಟ್, ಡಿ, ಎಫ್ — ಇ, ಡಿ ಫ್ಲಾಟ್, ಸಿ, ಬಿ ಫ್ಲಾಟ್. ಹನ್ನೊಂದಕ್ಕೆ ಎ.

ಒಂದೇ ತುಣುಕಿಗೆ ಒಂದೇ ಸುತ್ತಿನಲ್ಲಿ ಮೂರು ಮನೆ. ಉಳಿದ ಬಾರ್‌ಗಳಲ್ಲಿ ಏನೂ ನುಡಿಸಬೇಡಿ. ಸುಮ್ಮನೆ ಕಾಲಿನಲ್ಲಿ ತಾಳ ಹಾಕಿ ಕಾಯಿರಿ. ಆ ಕಾಯುವಿಕೆಯಲ್ಲೇ ಹನ್ನೆರಡು ಬಾರ್‌ನ ನಕ್ಷೆ ಒಳಗೆ ಇಳಿಯುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ನಾಲ್ಕನೇ ಬಾರ್ ಹತ್ತಿರ ಬಂದಾಗ ಅದು ನಿಮಗೆ ತಾನೇ ಕೇಳಿಸಲು ಶುರುವಾಗುತ್ತದೆ. ನುಡಿಸುವ ಮೊದಲೇ ಕೇಳಿಸುತ್ತದೆ. ಅದು ಶುರುವಾದ ದಿನ ನೀವು ಇಂಪ್ರೊವೈಸ್ ಮಾಡಲು ಶುರು ಮಾಡಿದಿರಿ ಅಂತ ಲೆಕ್ಕ.

ಗಿಟಾರ್‌ನಲ್ಲಿ ಒಂದು ಮೋಸ ಇದೆ, ಎಚ್ಚರ ಇರಲಿ. ಬೆರಳಿನ ಆಕಾರವನ್ನು ಹಾಗೇ ಎರಡು ಫ್ರೆಟ್ ಮೇಲೆ ಜರುಗಿಸಿದರೆ ಬೇರೆ ಕೀ ಬಂದುಬಿಡುತ್ತದೆ. ಸ್ಯಾಕ್ಸೊಫೋನ್‌ನವರಿಗೆ ಈ ಸುಖ ಇಲ್ಲ. ಅವರಿಗೆ ಪ್ರತಿ ಕೀಗೂ ಬೆರಳು ಬೇರೆ, ಹಾಗಾಗಿ ಸ್ವರ ತಿಳಿದೇ ನುಡಿಸಬೇಕು. ನಾವು 'ಹನ್ನೆರಡೂ ಕೀಯಲ್ಲಿ ಬಂತು' ಅಂದುಕೊಳ್ಳುತ್ತೇವೆ, ನಿಜಕ್ಕೂ ಬಂದಿರುವುದು ಒಂದೇ ಆಕಾರ. ಆದ್ದರಿಂದ ಕೈಯನ್ನು 4ರಿಂದ 8ನೇ ಫ್ರೆಟ್ ನಡುವೆಯೇ ಇಟ್ಟುಕೊಂಡು ಮೇಲಿನ ಮೂರು ಮನೆಗಳನ್ನೂ ನುಡಿಸಲು ನೋಡಿ. ಕಷ್ಟ ಆಗುತ್ತದೆ. ಪ್ರತಿ ಸಲ ಬೆರಳು ಹೊಸ ದಾರಿ ಹುಡುಕಬೇಕು. ಬಂದು ಕೂರುವ ಸ್ವರವನ್ನು ಮೊದಲು ಬಾಯಲ್ಲಿ ಹಾಡಿ, ಆಮೇಲೆ ಹುಡುಕಿ. ಹೀಗೆ ಬಂದ ತುಣುಕು ಟೆರೇಸ್ ಮೇಲೆ ಕೈಕೊಡುವುದಿಲ್ಲ.

ಆಮೇಲೆ ಮುರಿಯಿರಿ. ಮೊದಲ ಸ್ವರ ಬಿಟ್ಟು ಅರ್ಧ ಬೀಟ್ ತಡವಾಗಿ ಶುರು ಮಾಡಿ. ಸ್ವರ ಒಂದೇ ಕಡಿಮೆಯಾಯಿತು, ಆದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಕೊನೆಯನ್ನು ಬದಲಾಯಿಸಿ: ಎಫ್‌ನಿಂದ ನೇರ ಇಗೆ ಬರದೆ, ಎಫ್, ಡಿ ಶಾರ್ಪ್, ಇ ಅಂತ ಮೇಲೆ ಕೆಳಗೆ ಸುತ್ತು ಹಾಕಿ ಬನ್ನಿ. ಇ ಈಗ ಮೊದಲ ಬೀಟ್‌ಗೆ ಬರದೆ ಅರ್ಧ ಬೀಟ್ ದಾಟಿ ಕೂರುತ್ತದೆ. ಸಮ್ ದಾಟಿ ಬಂದಾಗ ಆಗುವ ಮಜಾ ನಿಮಗೆ ಹೊಸದೇನಲ್ಲ. ಈ ಸುತ್ತು ಪಾರ್ಕರ್ ಸಾಲುಗಳ ಉದ್ದಕ್ಕೂ ಸಿಗುತ್ತದೆ. ಇನ್ನೊಂದು ದಿನ ಶುರು ಮತ್ತು ಹೊಟ್ಟೆಯ ಭಾಗ ಬದಲಾಯಿಸಿ: ಎಫ್, ಎ, ಸಿ, ಇ — ಡಿ, ಬಿ, ಎ ಫ್ಲಾಟ್, ಎಫ್ — ಇ. ಶುರು ಬೇರೆ, ಮಧ್ಯ ಬೇರೆ, ಬಂದು ಸೇರಿದ ಮನೆ ಮಾತ್ರ ಅದೇ. ಇಲ್ಲಿಗೆ ಬರುವಷ್ಟರಲ್ಲಿ ಇದು ಯಾರ ನಕಲು ಅಂತ ಹೇಳಲು ನಿಮಗೇ ಆಗುವುದಿಲ್ಲ.

ಲಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಸ್ವರ ಸರಿಯಿದ್ದು ಲಯ ಸಪ್ಪೆಯಾದರೆ ಜಾಝ್ ಆಗುವುದಿಲ್ಲ. ಮೆಟ್ರೊನೋಮ್ ಅನ್ನು 2 ಮತ್ತು 4ನೇ ಬೀಟ್‌ಗೆ ಮಾತ್ರ ಬಡಿಯುವ ಹಾಗೆ ಇಟ್ಟುಕೊಳ್ಳಿ. ಬೀಟ್‌ನ ಎರಡು ಸ್ವರದಲ್ಲಿ ಮೊದಲನೆಯದು ಸ್ವಲ್ಪ ಉದ್ದ, ಎರಡನೆಯದು ಗಿಡ್ಡ, ಆದರೆ ಒತ್ತು ಆ ಗಿಡ್ಡ ಸ್ವರಕ್ಕೆ. ಇದನ್ನು ಬರೆದು ತಿಳಿಸುವುದು ಕಷ್ಟ. ಗ್ರಾಂಟ್ ಗ್ರೀನ್ ಜೊತೆ ಹಾಡಿದರೆ ಒಂದು ವಾರದಲ್ಲಿ ತಾನಾಗಿ ಅಂಟುತ್ತದೆ. ಇಡೀ ತುಣುಕನ್ನು ಒಂದೇ ಸ್ವರದ ಮೇಲೆ, ಲಯ ಮಾತ್ರ ಉಳಿಸಿಕೊಂಡು ನುಡಿಸಿ ನೋಡಿ. ಆಗಲೂ ಕೇಳಲು ಚೆನ್ನಾಗಿದ್ದರೆ ನಿಮ್ಮ ಲಯ ಸರಿದಾರಿಯಲ್ಲಿದೆ.

ನಿಮ್ಮ ಒಂದು ಗಂಟೆಯನ್ನು ನಾನಾಗಿದ್ದರೆ ಹೀಗೆ ಕಳೆಯುತ್ತೇನೆ. ಮೊದಲ ಕಾಲು ಗಂಟೆ ಗಿಟಾರ್ ಮುಟ್ಟುವುದಿಲ್ಲ, ರೆಕಾರ್ಡ್ ಜೊತೆ ಎರಡು ಅಥವಾ ನಾಲ್ಕು ಬಾರ್ ಹಾಡುತ್ತೇನೆ. ನಂತರ ಅದನ್ನು ತಂತಿಯ ಮೇಲೆ ಹುಡುಕುತ್ತೇನೆ, ಯಾವ ಸ್ವರ ಯಾವ ಕಾರ್ಡ್‌ನ ಎಷ್ಟನೆಯದು ಅಂತ ಗುರುತಿಸುತ್ತೇನೆ. ನೀವು ಕಲಿತ ಥಿಯರಿ ಇಲ್ಲಿ ಕೆಲಸಕ್ಕೆ ಬರುತ್ತದೆ, ವ್ಯರ್ಥವಾಗಿಲ್ಲ. ಜಾಸ್ತಿ ಸಮಯ, ಅರ್ಧ ಗಂಟೆಯಾದರೂ, ಒಂದೇ ಹಾಡಿನೊಳಗೆ ಆ ತುಣುಕನ್ನು ಕೂರಿಸುವುದಕ್ಕೆ, ಮುರಿಯುವುದಕ್ಕೆ. ಕೊನೆಯ ಐದು ನಿಮಿಷ ಏನೂ ಲೆಕ್ಕ ಹಾಕದೆ ನುಡಿಸಿ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು. ಆ ಐದು ನಿಮಿಷದಲ್ಲಿ ತುಣುಕನ್ನು ಬಲವಂತವಾಗಿ ತುರುಕಬೇಡಿ. ಬಂದರೆ ಬರಲಿ, ಬರದಿದ್ದರೆ ಇನ್ನೂ ಹಣ್ಣಾಗಿಲ್ಲ ಅಂತ.

ವಾರಕ್ಕೊಂದು ತುಣುಕು ಸಾಕು. ಎರಡು ವಾರಕ್ಕೊಂದಾದರೂ ಅವಸರ ಬೇಡ. ವರ್ಷಕ್ಕೆ ಇಪ್ಪತ್ತೈದು ತುಣುಕು ಆಯಿತು. ಪಾರ್ಕರ್ ಹತ್ತಿರ ಸುಮಾರು ನೂರು ಇದ್ದವು ಅಂತ ಮೇಲೆ ಹೇಳಿದೆನಲ್ಲ, ಅದಕ್ಕೆ ಹೋಲಿಸಿದರೆ ಇದೇನು ಕಡಿಮೆಯಲ್ಲ. ಮೂರು ಹಾಡು ಇಟ್ಟುಕೊಳ್ಳಿ, ಒಂದು ಬ್ಲೂಸ್ ಮತ್ತು ನಿಮಗೆ ಇಷ್ಟವಾದ ಎರಡು. ಹಾಡಿನ ಮೂಲ ಮಟ್ಟನ್ನು ಕಾರ್ಡ್ ಸಮೇತ ಚೆನ್ನಾಗಿ ಕಲಿಯಿರಿ. ಆ ಮಟ್ಟಿನಲ್ಲೇ ಎಷ್ಟೋ ತುಣುಕುಗಳು ಇರುತ್ತವೆ, ಜನ ಅದನ್ನು ಮರೆತು ಲಿಕ್ ಹುಡುಕಲು ಹೊರಗೆ ಹೋಗುತ್ತಾರೆ.

ಮೊದಲ ತಿಂಗಳು ಬ್ಯಾಕಿಂಗ್ ಟ್ರ್ಯಾಕ್ ಬೇಡ. ಮೆಟ್ರೊನೋಮ್ ಮತ್ತು ನಿಮ್ಮ ಕಾಲು, ಅಷ್ಟೇ ಇರಲಿ. ಹಿಂದೆ ಕಾರ್ಡ್ ಇಲ್ಲದೆ ನೀವೊಬ್ಬರೇ ಎಫ್ ಬ್ಲೂಸ್‌ನ ಒಂದು ಸುತ್ತು ನುಡಿಸಿ, ಯಾರಾದರೂ ಸಂಗೀತ ಬಲ್ಲ ಗೆಳೆಯರಿಗೆ ಕೇಳಿಸಿ. ಐದನೇ ಬಾರ್ ಎಲ್ಲಿ ಬಂತು ಅಂತ ಅವರು ಕೈ ಎತ್ತಿ ತೋರಿಸಲಿ. ಅವರು ಸರಿಯಾದ ಜಾಗದಲ್ಲಿ ಕೈ ಎತ್ತಿದ ದಿನ ಎರಡನೇ ತುಣುಕಿಗೆ ಹೋಗಿ.